ಏಕಾದಶಿ ಕಾವೇರಿಬಾಯಿ

ಆದವಾನಿಯ ಬ್ರಾಹ್ಮಣರ ಓಣಿಯಲ್ಲಿ ಕಾವೇರಿಬಾಯಿ ಅನ್ನುವವರು ಇನ್ನೂ ಒಬ್ಬಿಬ್ಬರಿದ್ದರು. ಗುರುತಿಗೆ ಬೇಕಲ್ಲ ಅಂತ ಹೆಂಗಸರು ತಮ್ಮತಮ್ಮೊಳಗೆ ಅನಂತನ ಹೆಂಡತಿಯನ್ನು ಏಕಾದಶಿ ಕಾವೇರಿಬಾಯಿ ಎಂದು ಕರೆಯುತ್ತಿದ್ದರು. ಗಂಡಸರಿಗೆ ಈ ಹೆಸರಿನ ಗುಟ್ಟು ಗೊತ್ತಿರಲಿಲ್ಲ. ದೊಡ್ಡ ವ್ರತಸ್ಥೆ ಇರಬೇಕು ಅಂದುಕೊಂಡು ಸುಮ್ಮನಿದ್ದರು. ಸಂಗತಿ ಇಷ್ಟೇ: ಆಕೆ ಮುಟ್ಟಾಗಿ ಹೊರಗೆ ಕೂಡುವ ದಿನಗಳು ತಪ್ಪದೆ ಏಕಾದಶಿಯ ಆಸುಪಾಸಿಗೇ ಬರುತ್ತಿದ್ದವು. ಮನೆಯಲ್ಲಿ ಉಪವಾಸ, ಒಲೆಗೂ ರಜೆ. ಅಂಥ ದಿನ ನೋಡಿಕೊಂಡು ಹೊರಗಾಗುವ ಸೊಸೆ ಯಾವ ಅತ್ತೆಗೆ ಸಿಕ್ಕಾಳು? “ಎಂಥಾ ಪುಣ್ಯವಂತಿ ನೋಡ್ರಿ, ಮೈಯೇ ಪಂಚಾಂಗ ನೋಡ್ಕೊಂಡು ನಡೀತದ” ಎಂದು ಮುದುಕಿಯರು ತಮ್ಮ ಸೊಸೆಯಂದಿರಿಗೆ ಕೇಳುವ ಹಾಗೆ ಹೇಳುತ್ತಿದ್ದರು.

ಈ ಮಾತು ಕಿವಿಗೆ ಬಿದ್ದಾಗ ಕಾವೇರಿಬಾಯಿ ಒಳಗೊಳಗೇ ಉಬ್ಬುತ್ತಿದ್ದಳು. ಸುಳ್ಳೇಕೆ ಹೇಳಬೇಕು, ಉಬ್ಬುವುದಕ್ಕೆ ಆಕೆಯ ಪಾಲಿಗೆ ಬೇರೆ ಏನೂ ಇರಲಿಲ್ಲ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯಿಂದ ಹದಿನೆಂಟಕ್ಕೆ ಸೊಸೆಯಾಗಿ ಬಂದವಳು. ಮಾವ ಪುರೋಹಿತರಾಗಿದ್ದು ತೀರಿಹೋಗಿದ್ದರು. ಅವರ ಕಾಲದಿಂದಲೂ ಊರಿನ ಮಾಧ್ವರ ಮನೆಗಳಲ್ಲಿ ಶ್ರಾದ್ಧವಿದ್ದರೆ ಮಡಿ ಅಡಿಗೆಗೆ ಈ ಮನೆಯ ಹೆಂಗಸರೇ ಆಗಬೇಕು. ಅತ್ತೆ ವೆಂಕೂಬಾಯಿಯ ಮೊಣಕಾಲು ಕೈಕೊಟ್ಟ ಮೇಲೆ ಆ ಕೆಲಸವೆಲ್ಲ ಸೊಸೆಯ ಹೆಗಲಿಗೆ ಬಿತ್ತು. ಪಕ್ಷಮಾಸ ಬಂತೆಂದರೆ, ಅಂದರೆ ಪಿತೃಗಳಿಗೆ ಮೀಸಲಾದ ಆ ಹದಿನೈದು ದಿನ, ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಅಂಥ ಹೊತ್ತಿನಲ್ಲಿ ಆಕೆ ಹೊರಗಾಗಿಬಿಟ್ಟರೆ ಯಾರದೋ ಮನೆಯ ಪಿತೃಕಾರ್ಯ ಕೆಟ್ಟ ಹಾಗೆ. ವೆಂಕೂಬಾಯಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ಕಾವೇರಿಬಾಯಿಗೆ ಮಾತ್ರ ಬೇಕಾಗಿದ್ದದ್ದು ಒಂದೇ ಒಂದು, ಮಗು. ಮದುವೆಯಾಗಿ ಕೆಲವು ವರ್ಷಕ್ಕೆ ಬಸಿರು ನಿಂತಿತ್ತು, ಮೂರು ತಿಂಗಳಿಗೇ ಇಳಿದುಹೋಯಿತು. ಆಗ ಆಕೆ ಹಾಸಿಗೆ ಹಿಡಿದಿದ್ದಾಗ ಅನಂತ ಒಂದು ರಾತ್ರಿ ಬಿಸಿ ಹಾಲಿನ ಲೋಟ ಹಿಡಿದು ಬಂದ. ಅವನು ಸ್ಟೇಷನ್ ರಸ್ತೆಯ ಸಗಟು ಔಷಧದ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಮಾತು ಬಲು ಕಡಿಮೆ. ಹೆಂಡತಿಯನ್ನು ಹೊಗಳಿದ್ದೂ ಇಲ್ಲ, ಬೈದದ್ದೂ ಇಲ್ಲ. ಅಂಥವನು ಹಸಿರು ಅಕ್ಷರದ ಹೊಳೆಯುವ ಹಾಳೆಯಿಂದ ಒಂದು ಸಣ್ಣ ಬಿಳಿ ಗುಳಿಗೆ ಬಿಡಿಸಿ ಆಕೆಯ ಅಂಗೈಗೆ ಇಟ್ಟು, “ಶಕ್ತಿ ಗುಳಿಗಿ. ಮೈಯಾಗ ರಕ್ತ ಇಲ್ಲ ನಿನಗ, ದಿನಾ ತಗೋ” ಅಂದ.

ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ರಾತ್ರಿ ಊಟವಾದ ಮೇಲೆ ಗಂಡ ತಾನೇ ಎದ್ದು ಹಾಲು ತಂದು ಗುಳಿಗೆ ಕೊಡುತ್ತಿದ್ದ. ನಡುವೆ ತಿಂಗಳಿಗೊಮ್ಮೆ ನಾಲ್ಕೈದು ದಿನ ತಾನೇ ಬಿಡಿಸುತ್ತಿದ್ದ. “ಮೈಗೂ ತುಸು ಬಿಡುವು ಬೇಕು” ಅನ್ನುತ್ತಿದ್ದ. ಓಣಿಯಲ್ಲಿ ಯಾವ ಗಂಡ ಹೆಂಡತಿಗೆ ಹಾಲು ತಂದುಕೊಡುತ್ತಾನೆ? ಕಾವೇರಿಬಾಯಿ ಆ ಕೈಯನ್ನು ನೋಡುತ್ತ ನೋಡುತ್ತ ಗುಳಿಗೆ ನುಂಗುತ್ತಿದ್ದಳು. ಹಗಲೆಲ್ಲ ಹೊಗೆ ಕುಡಿದ ದಣಿವು ಆ ಒಂದು ಲೋಟ ಹಾಲಿಗೆ ಇಳಿಯುತ್ತಿತ್ತು. ಇಷ್ಟು ಪ್ರೀತಿ ಇರುವ ಗಂಡನಿಗೆ ಒಂದು ಕೂಸು ಹೆತ್ತುಕೊಡಲಾರದ ತನ್ನ ಹೊಟ್ಟೆಯನ್ನು ಆಕೆ ತಾನೇ ಬೈದುಕೊಳ್ಳುತ್ತಿದ್ದಳು.

ವರ್ಷಗಳು ಹೋದವು, ಮಗು ಆಗಲಿಲ್ಲ. ನಾಗರಕಟ್ಟೆ ಸುತ್ತಿದ್ದಾಯಿತು. ಮಾಧವರಂ ದಾಟಿ ಮಂತ್ರಾಲಯಕ್ಕೆ ಹೋಗಿ ಸೇವೆಗೆ ಕೂತದ್ದಾಯಿತು. ಬೆಳಗಿನ ಜಾವ ನದಿಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರೆ ಅನಂತನೂ ಹಿಂದೆ ಹಿಂದೆ ಬರುತ್ತಿದ್ದ. ಸೇವೆಯ ನಡುವೆ ಹೊರಗಾದರೆ ಎಲ್ಲ ವ್ಯರ್ಥವಲ್ಲವೇ? ಆಗಲಿಲ್ಲ. ರಾತ್ರಿ ಛತ್ರದಲ್ಲೂ ಗುಳಿಗೆ ತಪ್ಪಲಿಲ್ಲ. ರಾಯರೇ ತನ್ನ ಸೇವೆ ಒಪ್ಪಿಕೊಂಡರು ಅಂದುಕೊಂಡು ಕಣ್ಣೊರೆಸಿಕೊಂಡಳು. ಡಾಕ್ಟರರ ಹತ್ತಿರ ಹೋಗೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ ಅನಂತ, “ಅಂಗಡಿಗೆ ಬರೋ ಡಾಕ್ಟರನ್ನ ನಾನೇ ಕೇಳೀನಿ. ನಿನ್ನ ಗರ್ಭಕೋಶಾನೇ ಸೋತದ ಅಂತ” ಅಂದ. ಆಮೇಲೆ ಆಕೆ ಕೇಳಲಿಲ್ಲ.

ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಎದುರು ಮನೆಯ ಪ್ರೇಮಾಬಾಯಿ ತನ್ನ ಮಗನ ಮುಂಜಿಗೆ ದೊಡ್ಡ ಪಾತ್ರೆ ಕೇಳಲು ಬಂದಳು. ಬಾಯಿ ಬಿಗಿ ಇಲ್ಲದ, ಹೊಟ್ಟೆಯಲ್ಲಿ ಕಪಟ ಇಲ್ಲದ ಹೆಂಗಸು. ಪಿಸಿಪಿಸಿ ಅಂದಳು: “ಕಾವೇರಕ್ಕ, ಮುಂಜಿ ದಿನಾನೇ ನಾನು ಹೊರಗಾಗೂದಿತ್ತು ನೋಡ್ರಿ. ಎದಿ ಧಸಕ್ ಅಂತು. ನಿಮ್ಮ ಮನಿಯವರಿಗೆ ಹೇಳಿದೆ, ಮುಂದಕ್ಕ ಹಾಕೋ ಗುಳಿಗಿ ತಂದುಕೊಟ್ರು. ದೇವರಂಥ ಮನುಷ್ಯ.” ಹೀಗೆಂದು ಸೆರಗಿನ ಗಂಟು ಬಿಚ್ಚಿ ತೋರಿಸಿದಳು.

ಅದೇ ಬಿಳಿ ಗುಳಿಗೆ. ಅದೇ ಹಸಿರು ಅಕ್ಷರದ ಹೊಳೆಯುವ ಹಾಳೆ.

“ಇದು ಶಕ್ತಿ ಗುಳಿಗಿ ಅಲ್ಲೇನು?” ಅಂದಳು ಕಾವೇರಿಬಾಯಿ.

“ಅಯ್ಯ, ಎಲ್ಲಿ ಶಕ್ತಿರೀ! ಇದನ್ನ ತಗೊಳ್ಳೋತನಕ ಹೊರಗ ಆಗೂದಿಲ್ಲ. ಬಿಟ್ಟ ಎರಡು ಮೂರು ದಿನಕ್ಕ ಆಗ್ತದ” ಅಂದಳು ಪ್ರೇಮಾಬಾಯಿ. ಅಂದವಳೇ ಎದುರಿನವಳ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಓಣಿಯ ಪುಣ್ಯವಂತಿಯ ಪಂಚಾಂಗ ಯಾವುದೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಕಾವೇರಿಬಾಯಿ ಆ ರಾತ್ರಿಯ ಗುಳಿಗೆಯನ್ನು ನುಂಗಲಿಲ್ಲ, ಅದರ ಹಾಳೆಯ ಜೊತೆಗೆ ಸೀರೆಯ ತುದಿಗೆ ಕಟ್ಟಿಕೊಂಡಳು. ಮರುದಿನ ಪಾತ್ರೆ ತಿಕ್ಕುವ ಎರ್ರಮ್ಮನನ್ನು ಜೊತೆಗೆ ಕರೆದುಕೊಂಡು, ಗುಡಿಗೆ ಹೋಗುತ್ತೇನೆಂದು ಹೇಳಿ, ಹೆಂಗಸರ ಡಾಕ್ಟರಮ್ಮನ ಬಳಿ ಹೋದಳು. ಡಾಕ್ಟರಮ್ಮ ತೆಲುಗಿನವರು, ಕನ್ನಡವನ್ನು ತೆಲುಗಿನೊಳಗೆ ಅದ್ದಿ ಆಡುವವರು. ಎಲ್ಲ ಪರೀಕ್ಷೆ ಮಾಡಿ, ಗುಳಿಗೆ ನೋಡಿ, ಎಷ್ಟು ದಿನದಿಂದ ಎಂದು ಕೇಳಿದರು. ಹತ್ತು ವರ್ಷ ಅಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಚೂಡಮ್ಮಾ, ಇಲ್ಲಿ ನೋಡು, ನಿನ್ನ ಗರ್ಭಕೋಶ ಚೆನ್ನಾಗೇ ಉಂದಿ, ಏನೂ ಸೋತಿಲ್ಲ. ಅದರ ಎರಡು ಪಕ್ಕ ಅಂಡಾಶಯ ಅಂತ ಇರ್ತಾವೆ. ಅದರೊಳಗೆ ತಿಂಗಳಿಗೊಂದು ತತ್ತಿ ಬಲಿತು ಹೊರಗೆ ಬರಬೇಕು, ಗಂಡಸಿನ ಬೀಜ ಬಂದು ಅದನ್ನ ಸೇರಬೇಕು. ಆಗಲೇ ಬಸಿರು. ಈ ಮಾತ್ರೆ ಏನು ಮಾಡ್ತದೆ ಗೊತ್ತಾ? ಇದರಲ್ಲಿರೋದು ಹಾರ್ಮೋನು. ಬಸುರಿ ಹೆಂಗಸಿನ ಮೈಯಲ್ಲಿ ಹೆಚ್ಚಾಗ್ತದಲ್ಲ, ಅಂಥದ್ದು. ನೀನು ಆಗಲೇ ಬಸುರಿ ಅಂತ ಮೈಗೆ ಸುಳ್ಳು ಹೇಳ್ತದೆ. ಮೈ ನಂಬ್ತದೆ. ತತ್ತಿ ಬಿಡೋದೇ ಇಲ್ಲ.”

ತತ್ತಿ ಅನ್ನುವ ಶಬ್ದವನ್ನು ಕಾವೇರಿಬಾಯಿ ಜನ್ಮದಲ್ಲಿ ಬಾಯಲ್ಲಿ ಆಡಿದವಳಲ್ಲ. ಈಗ ಅದನ್ನೇ ಕೇಳಿದಳು. “ನನ್ನ ತತ್ತಿ ಇನ್ನೂ ಅವ ಏನ್ರಿ?”

“ಹೆಣ್ಣು ಹುಟ್ಟುವಾಗಲೇ ಎಲ್ಲ ತಂದಿರ್ತಾಳೆ. ಹೊಸದು ಹುಟ್ಟೋದಿಲ್ಲ. ವಯಸ್ಸಾದ ಹಾಗೆ ಕಡಿಮೆ ಆಗ್ತಾ ಹೋಗ್ತದೆ. ಮೂವತ್ತಾರು ಅಂತೀಯ. ಮಾತ್ರೆ ಇವತ್ತೇ ಬಿಡು. ಆಸೆ ಇಲ್ಲ ಅಂತ ಹೇಳೋದಿಲ್ಲ. ಆದರೆ ಹೋದ ಹತ್ತು ವರ್ಷ ಒಳ್ಳೆ ವರ್ಷ ಇದ್ದವಮ್ಮ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆ ಕೂತಳು. ವೈರಿ ಮಾಡಿದ್ದರೆ ಶಾಪ ಹಾಕಬಹುದಿತ್ತು, ದೇವರು ಮಾಡಿದ್ದರೆ ಸೇವೆಗೆ ಕೂಡಬಹುದಿತ್ತು. ಹಾಲು ಹಿಡಿದುಕೊಂಡು ಬಂದ ಕೈಗೆ ಏನು ಮಾಡಬೇಕು? ಎರ್ರಮ್ಮನಿಗೆ ಎಲ್ಲ ಕೇಳಿಸಿತ್ತು. “ಬೇಲಿನೇ ಎದ್ದು ಹೊಲ ಮೇಯ್ದಂಗ ಆತಲ್ಲ ಅಮ್ಮಾರೆ. ನಮ್ಮ ಓಣ್ಯಾಗ ಕುಡಿದು ಬಂದು ಹೊಡಿಯೋ ಗಂಡಸು ಅದಾನ. ಹಾಲು ಕುಡಿಸಿ ಹೊಡಿಯೋನ್ನ ನಾ ಕಂಡಿಲ್ಲ” ಅಂದಳು.

ಸಂಜೆ ಅನಂತ ಬಂದು ಕಾಲು ತೊಳೆಯುವುದನ್ನೇ ಕಾದು, ಕಾವೇರಿಬಾಯಿ ಗುಳಿಗೆಯನ್ನು ಅತ್ತೆಯ ಮುಂದೆ ಇಟ್ಟಳು. ಮುಟ್ಟು ಮುಂದಕ್ಕೆ ಹಾಕುವ ಈ ಗುಳಿಗೆಯನ್ನು ತನಗೆ ಯಾಕೆ ಕೊಟ್ಟಿರೆಂದು ಇಬ್ಬರನ್ನೂ ಕೇಳಿದಳು.

ವೆಂಕೂಬಾಯಿ ಮೊದಲು ಸಿಟ್ಟಾದಳು. “ನಾನೇ ತರಿಸೀನಿ. ಪಿತೃಕಾರ್ಯ ಕೆಡಬಾರದು ಅಂತ. ವಿಷ ಹಾಕಿದ್ನೇನು ನಿನಗ?”

“ಅದನ್ನ ತಗೊಂಡ್ರ ಮಕ್ಕಳಾಗೂದಿಲ್ಲಂತ, ಅತ್ತೀ.”

ಮುದುಕಿ ಕೆಟ್ಟವಳೇ, ಆದರೆ ಇಷ್ಟು ಕೆಟ್ಟವಳಲ್ಲ. ಮೊಮ್ಮಗನಿಗಾಗಿ ಆಕೆಯೂ ಹರಕೆ ಹೊತ್ತವಳೇ. ಮಗನ ಕಡೆ ತಿರುಗಿದಳು. “ನನಗೇನು ಗೊತ್ತೋ, ನಾನು ಸಾಲಿ ಕಲಿತಿಲ್ಲ. ಅನಂತಾ, ನಿನಗ ಗೊತ್ತಿತ್ತೇನು?”

ಅನಂತ ಟವೆಲಿನಿಂದ ಪಾದ ಒರೆಸಿಕೊಳ್ಳುತ್ತಲೇ ಇದ್ದ. ಒಣಗಿದ ಪಾದವನ್ನು ಮತ್ತೆ ಮತ್ತೆ ಒರೆಸಿದ. “ಈ ಪಕ್ಷಮಾಸ ಒಂದು ಕಳೀಲಿ, ಆಮ್ಯಾಲ ಬಿಡಸೋಣ ಅಂತಿದ್ದೆ” ಅಂದ. “ಪ್ರತಿ ವರ್ಷ ಹಂಗೇ ಅಂದುಕೊಂಡೆ. ನೀನು ಹೇಳಿದ್ದನ್ನ ಮೀರಲಿಕ್ಕೆ ನನಗ ಆಗ್ಲಿಲ್ಲವ್ವಾ. ಆಮ್ಯಾಲ ಹೇಳಲಿಕ್ಕೆ ಹೆದರಿಕಿ ಆತು.”

“ಮಂತ್ರಾಲಯದಾಗ ನನ್ನ ಹಿಂದ ಪ್ರದಕ್ಷಿಣಿ ಹಾಕಿದ್ರಲ್ಲ, ಏನು ಬೇಡಿಕೊಂಡ್ರಿ ಅಲ್ಲಿ?” ಅಂದಳು ಕಾವೇರಿಬಾಯಿ.

ಅವನು ಟವೆಲನ್ನು ಮಡಚುತ್ತ ಅಂದ: “ನಿನಗ ಗೊತ್ತಾಗಬಾರದು ಅಂತ.”

ಆಕೆ ಗುಳಿಗೆ ಬಿಟ್ಟಳು. ಮೈ ತನ್ನ ಹಳೆಯ ಲೆಕ್ಕಕ್ಕೆ ಮರಳಲು ತಿಂಗಳುಗಟ್ಟಲೆ ತಡಕಾಡಿತು. ಅಷ್ಟಮಿ, ಹುಣ್ಣಿಮೆ ಅನ್ನದೆ ಬೇಕಾದಾಗ ಮುಟ್ಟಾಗತೊಡಗಿದಳು. ಒಬ್ಬರ ಮನೆಯ ಶ್ರಾದ್ಧದ ದಿನವೇ ಬಾಗಿಲಲ್ಲಿ ನಿಂತು, “ನಾನು ಹೊರಗ ಆಗೀನಿ, ಬ್ಯಾರೆಯವರನ್ನ ಕರಕೊಳ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದಳು. ಓಣಿಯ ಹೆಂಗಸರು ಏಕಾದಶಿಯ ಹೆಸರು ಕೈಬಿಟ್ಟರು, ಪುಣ್ಯವಂತಿ ಎಂಬ ಮಾತನ್ನೂ ಬಿಟ್ಟರು.

ತವರಿಗೆ ಹೋಗಿಬಿಡಬಹುದಿತ್ತಲ್ಲ ಎಂದು ಕೇಳುವುದು ಸುಲಭ. ಆಕೆಗೆ ಮಗು ಬೇಕಿತ್ತು, ಮಗುವಿಗೆ ಈ ಗಂಡಸೇ ಬೇಕಿತ್ತು. ಕಾವೇರಿಬಾಯಿಯ ನರಕ ಅದೇ. ಅವನ ಕೈಯ ನೀರನ್ನೂ ಮುಟ್ಟದವಳು ಅವನ ಪಕ್ಕದಲ್ಲಿ ಹಲ್ಲು ಕಚ್ಚಿ ಮಲಗಿದಳು. ಕೆಲವು ತಿಂಗಳು ಮುಟ್ಟು ತಡವಾದಾಗ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಾದಳು. ಒಂದು ಬೆಳಿಗ್ಗೆ ಎದ್ದಾಗ ಸೀರೆ ಕೆಂಪಾಗಿರುತ್ತಿತ್ತು. ಹೀಗೇ ನಾಲ್ಕೈದು ವರ್ಷ ನಡೆಯಿತು. ಒಂದು ದಿನ ಆಕೆ ತನ್ನ ಹಾಸಿಗೆಯನ್ನು ನಡುಮನೆಗೆ ತಂದು ಹಾಸಿಕೊಂಡಳು.

ಅಷ್ಟರಲ್ಲಿ ವೆಂಕೂಬಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಳು. ಆಗ ನೋಡಿ, ಹೊರಗೆ ಕೂಡುವ ಪದ್ಧತಿಯೇ ಆ ಮನೆಯಿಂದ ಸದ್ದಿಲ್ಲದೆ ಎದ್ದುಹೋಯಿತು. ಸೊಸೆ ಹೊರಗೆ ಕೂತರೆ ಮುದುಕಿಗೆ ನೀರು ಕೊಡುವವರು ಯಾರು? ಮೂರು ದಿನವೂ ಅದೇ ಸೊಸೆಯ ಕೈಯ ಗಂಜಿ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಎರಡು ವರ್ಷ ಮಲಗಿದ್ದು ಮುದುಕಿ ಎಂಬತ್ತೆಂಟನೆಯ ಇಸವಿಯಲ್ಲಿ ಹೋದಳು.

ಮರುವರ್ಷ ಅತ್ತೆಯ ವರ್ಷಾಂತಿಕ ಹತ್ತಿರ ಬಂತು. ಅದು ಶ್ರಾದ್ಧ, ಅಲ್ಲಿ ಮಡಿ ಬಿಡುವಂತಿಲ್ಲ. ಕಾವೇರಿಬಾಯಿ ಹಿತ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಗ ಅನಂತ ಬಂದು ಎದುರಿಗೆ ನಿಂತ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗೈ ಚಾಚಿದ. ಅದರಲ್ಲಿ ಬಿಳಿ ಗುಳಿಗೆಗಳಿದ್ದವು.

“ಈಗ ಮುಚ್ಚಿಟ್ಟಿಲ್ಲ, ಹೇಳೇ ಕೊಡ್ತಿದ್ದೀನಿ. ಇದೊಂದು ಸಲ, ಕಾವೇರಿ” ಅಂದ. “ಅವ್ವನ ಕಾರ್ಯ. ನಡುವ ನೀನು ಹೊರಗಾದ್ರ ಎಲ್ಲ ಕೆಡ್ತದ.”

ಕಾವೇರಿಬಾಯಿ ಗುಳಿಗೆಯನ್ನು ನೋಡಲಿಲ್ಲ, ಗಂಡನ ಮುಖ ನೋಡಿದಳು. ಒಂದೇ ಸೂರಿನಡಿ ಇದ್ದು, ಆಕೆಯ ಒಂದೊಂದು ದಿನವನ್ನೂ ಪಂಚಾಂಗ ಹಿಡಿದು ಕಾದಿದ್ದವನು ಈತ.

“ಅದರ ಗರಜಿಲ್ಲ” ಅಂದಳು. “ಹ್ವಾದ ದೀಪಾವಳಿಯಿಂದ ನನಗ ಮುಟ್ಟೇ ನಿಂತದ. ಡಾಕ್ಟರಮ್ಮನೂ ನೋಡಿ, ಇನ್ನ ಮುಗೀತು ಅಂದಾರ. ನಿಮ್ಮ ಅಡಿಗಿಗೆ ಇನ್ನ ಯಾವ ಅಡ್ಡಿನೂ ಇಲ್ಲ. ಎಷ್ಟು ಎಲಿ ಹಾಕಬೇಕು, ಹೇಳ್ರಿ.”