ನೊರೆ ಬಾರದ ನೀರು

ಮೊನ್ನೆ ಯಾರೋ ಒಲೆಯ ಬಿಸಿಬೂದಿಗೆ ನೀರು ಹೊಯ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಕ್ಕೆ ಎಂಬ ಊರಿನ ನಮ್ಮ ಹಿತ್ತಲು ಕಣ್ಣಮುಂದೆ ಬಂತು: ಬಾವಿ, ಒಗೆಯುವ ಕಲ್ಲು, ತಳ ತೂತಾದ ಮಡಕೆಯಲ್ಲಿ ತುಂಬಿದ ತೊಗರಿಕಟ್ಟಿಗೆಯ ಬೂದಿ, ಅದರಿಂದ ತೊಟ್ಟಿಕ್ಕುವ ಚಹಾ ಬಣ್ಣದ ಬೂದಿನೀರು. ಎಣ್ಣೆ ಹತ್ತಿದ ದುಪ್ಪಟಿಗೆ ಬೂದಿನೀರು, ಉಳಿದ ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆಕಾಯಿ. ಇದು ಅಜ್ಜಿಯ ಕಾನೂನು, ಅದಕ್ಕೆ ಅಪೀಲು ಇರಲಿಲ್ಲ. ನೀವೂ ಅಂಥ ಅಜ್ಜಿಯ ಕೈಯಲ್ಲಿ ತಲೆ ಉಜ್ಜಿಸಿಕೊಂಡವರಾದರೆ ಆ ಕಣ್ಣುರಿಯನ್ನು ಮರೆತಿರಲಾರಿರಿ.

ಯುದ್ಧದ ಕಾಲದಲ್ಲಿ ಚಿಕ್ಕಪ್ಪನ ಮದುವೆಯಾಗಿ ಹೊನ್ನಾಳಿಯಿಂದ ಚಿಕ್ಕಮ್ಮ ಬಂದಳು. ಹೊಳೆದಂಡೆಯಲ್ಲಿ ಬೆಳೆದವಳು, ಟ್ರಂಕಿನಲ್ಲಿ ಸೀರೆಗಳ ನಡುವೆ ಸಾಬೂನಿನ ನಾಲ್ಕು ತುಂಡುಗಳನ್ನು ಬಂಗಾರದಂತೆ ಸುತ್ತಿಟ್ಟು ತಂದಿದ್ದಳು. ಜಗಳೂರಿನ ಸಂತೆಗೆ ಹೊರಟಿದ್ದ ಅಜ್ಜನ ಧೋತ್ರವನ್ನು ತಾನೇ ಒಗೆಯುತ್ತೇನೆಂದು ಹುರುಪಿನಿಂದ ಕುಳಿತಳು. ನೊರೆ ಬರಲಿಲ್ಲ. ಹೊಳೆ ಕಡೆಯವರು ಮಾಡುವ ತಪ್ಪನ್ನೇ ಮಾಡಿದಳು, ಇನ್ನಷ್ಟು ಉಜ್ಜಿದಳು. ಅರ್ಧ ತುಂಡು ಕರಗಿದರೂ ನೀರಿನ ಮೇಲೆ ಒಡೆದ ಹಾಲಿನಂಥ ಚರಟ ತೇಲಿತೇ ಹೊರತು ಒಂದು ಗುಳ್ಳೆ ಏಳಲಿಲ್ಲ. ಒಣಗಿದ ಧೋತ್ರ ಬೂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೆ ಜಿಗುಟು. ನೀರು ಸೇದಲು ಬಂದಿದ್ದ ಹೆಂಗಸರ ಎದುರಿಗೇ ಅಜ್ಜಿ ಅಂದಳು, "ಹೊಳೆ ಕಡೆ ಹುಡುಗಿ ಅಂತ ತಂದ್ವಿ. ಒಂದು ಧೋತ್ರ ಒಗಿಯಾಕೆ ಬರಂಗಿಲ್ಲ. ನಾಳೆಯಿಂದ ನೀನು ಪಾತ್ರೆ ತಿಕ್ಕಿದ್ರೆ ಸಾಕು." ಆ ಮಾತು ಹೊನ್ನಾಳಿಗೂ ಮುಟ್ಟಿತು. ತವರಿನ ಮಾನ ಹೋಯಿತೆಂದು ಚಿಕ್ಕಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಜ್ಜಿಯ ಮೇಲೆ ನನಗೆ ಆಗ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಪಾತ್ರೆ ತಿಕ್ಕುತ್ತಲೇ ಅವಳಿಗೆ ದಾರಿ ಸಿಕ್ಕಿತು. ಒಂದು ದಿನ ಬಾನಿಯ ಬಾವಿನೀರಿಗೆ ಬೂದಿನೀರು ಚೆಲ್ಲಿತು. ತಳದಲ್ಲಿ ತೆಳ್ಳಗೆ ಬಿಳಿ ಹಿಟ್ಟಿನಂಥದ್ದು ಕೂತಿತ್ತು. ಮೇಲಿನ ತಿಳಿನೀರಿನಲ್ಲಿ ಕೈ ತೊಳೆಯುತ್ತ ಸಾಬೂನು ಮುಟ್ಟಿದಳು, ನೊರೆ ಮೊಣಕೈವರೆಗೆ ಏರಿತು. ಅವಳು ಎದ್ದು ನಿಂತು ಆ ನೊರೆಯನ್ನು ನೋಡುತ್ತ ಒಬ್ಬಳೇ ನಕ್ಕದ್ದನ್ನು ನಾನು ಕಂಡೆ. ಮುಂದೆ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ಬಾವಿಯಂಥ ಗಡಸುನೀರಿನ ಸುಣ್ಣದಂಶ ಸಾಬೂನನ್ನು ಹಿಡಿದು ಚರಟ ಮಾಡುತ್ತದೆ, ಬೂದಿಯ ಕ್ಷಾರ ಆ ಸುಣ್ಣವನ್ನು ಮೊದಲೇ ತಳಕ್ಕೆ ಇಳಿಸಿಬಿಡುತ್ತದೆ, ಅಂಟುವಾಳಕ್ಕೆ ಈ ತಾಪತ್ರಯವೇ ಇಲ್ಲ. ಓದುಬರಹವಿಲ್ಲದ ಚಿಕ್ಕಮ್ಮ ಇದನ್ನು ನನಗಿಂತ ಮೊದಲೇ ಬಲ್ಲವಳಾಗಿದ್ದಳು.

ಅದೇ ಧೋತ್ರವನ್ನು ತಿಳಿನೀರಿನಲ್ಲಿ ಒಗೆದು ಮಲ್ಲಿಗೆಯ ಹಾಗೆ ಮಾಡಿ ಹಗ್ಗದ ಮೇಲೆ ಹಾಕಿದಳು. "ಅತ್ತೆ, ಕೈಯಾಗ ತಪ್ಪಿರಲಿಲ್ಲ, ನೀರಿನಾಗಿತ್ತು ನೋಡ್ರಿ," ಅಂದಳು. ಅಜ್ಜಿ ಧೋತ್ರದ ಅಂಚನ್ನು ಬೆರಳಿನಲ್ಲಿ ತೀಡಿ ನೋಡಿ ಒಳಗೆ ಹೋದಳು. ಮರುದಿನದಿಂದ ಮನೆಯ ಮೈಲಿಗೆ ಬಟ್ಟೆಯ ಗಂಟು ಮಾತಿಲ್ಲದೆ ಚಿಕ್ಕಮ್ಮನ ಕಲ್ಲಿನ ಬಳಿ ಬಂದು ಕೂರುತ್ತಿತ್ತು, ಅಷ್ಟೇ. ನಾಲ್ಕು ಜನರ ಎದುರು ಆಡಿದ ಮಾತನ್ನು ನಾಲ್ಕು ಜನರ ಎದುರೇ ಹಿಂತೆಗೆದುಕೊಳ್ಳಲಿ ಎಂದು ಚಿಕ್ಕಮ್ಮ ವರ್ಷಗಟ್ಟಲೆ ಕಾದಳು.

ಅಜ್ಜಿ ಹಾಸಿಗೆ ಹಿಡಿದ ಬೇಸಿಗೆಯಲ್ಲಿ ನೋಡಲು ಬಂದ ಹೆಂಗಸರು ಪಡಸಾಲೆಯ ತುಂಬ ಕೂತಿದ್ದರು. ಅಜ್ಜಿ ಪೆಟ್ಟಿಗೆಯಿಂದ ಒಂದು ನೂಲಿನ ಸೀರೆ ತೆಗೆಸಿದಳು, ತಾನು ಹೋದಾಗ ಉಡಿಸಬೇಕಾದದ್ದು. "ಇದನ್ನ ಹೊನ್ನಾಳಿಯಾಕೆ ಒಗೀಲಿ. ಆಕಿ ಕೈ ಚಲೋ ಐತೆ. ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ," ಅಂದಳು. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಚಿಕ್ಕಮ್ಮನಿಗೆ ಅದು ಬೇಡವಾಗಿತ್ತು. ಸೀರೆಯಲ್ಲಿ ಕೊಳೆಯೇ ಇರಲಿಲ್ಲ. ಆದರೂ ಅವಳು ಜಾಲಿಸಿದ್ದನ್ನೇ ಜಾಲಿಸುತ್ತ ಕೂತಳು. ಒಣಗಿದರೆ ಅಜ್ಜಿ ಹೊರಟುಬಿಡುತ್ತಾಳೆಂದು ಅವಳಿಗೆ ಅನ್ನಿಸಿರಬೇಕು. ಕೊನೆಗೆ ಒಳಗಿನಿಂದ ಅಜ್ಜಿಯೇ ಕೂಗಿದಳು, "ಸಾಕು ಬಿಡವ್ವ, ಬಿಸಿಲು ಐತೆ, ಹರವು."

ಚಿಕ್ಕಮ್ಮ ಅಳುತ್ತ ಹರವಿದಳು.