ಕರೆಂಟು ಹೋದಾಗ ಕಂಡ ದೇಶ

ನಮ್ಮ ಮೊಮ್ಮಗಳು ಸುಮಾಗೆ ಕೆಲಸ ಸಿಕ್ಕಿತು. ವ್ಯಾನಿನಲ್ಲಿ ಊರೂರಿಗೆ ಹೋಗುವ ಸ್ವಾತಂತ್ರ್ಯದ ಪ್ರದರ್ಶನದಲ್ಲಿ ಜನರಿಗೆ ವಿವರಿಸುವ ಕೆಲಸ. ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದ್ದಾಯಿತು; ನಿಮಗೆ ಹೇಳದೆ ಬಿಡುತ್ತೇನೆಯೇ?

ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತೆಂದು ಆ ಪ್ರದರ್ಶನ ಆಲೂರಿಗೂ ಬಂದಿತ್ತು. ಸುಮಾ ಅವತ್ತು ಜನರ ಮುಂದೆ ಮಾತಾಡಿ ತೋರಿಸಬೇಕಿತ್ತು, ಮೇಲಿನವರು ನೋಡಿ ಒಪ್ಪಿದರೆ ಕೆಲಸ. ಅವಳ ಅಪ್ಪ, ಅಂದರೆ ನನ್ನ ಮಗ ರಾಜಣ್ಣ, "ಹೆಣ್ಮಗು ವ್ಯಾನ್ ಹತ್ಕೊಂಡು ಊರೂರು ತಿರುಗೋದು ಯಾವ ಸೀಮೆ ಕೆಲ್ಸ ಕಣವ್ವ" ಎಂದು ಮುಖ ಗಂಟಿಕ್ಕಿ ಮನೆಯಲ್ಲೇ ಉಳಿದ. ನಾನು ಹೋದೆ.

ಕಿಟಕಿಗೆಲ್ಲ ಕರಿಬಟ್ಟೆ ಕಟ್ಟಿದ ದೊಡ್ಡ ಹಾಲ್. ಪರದೆಯ ಮೇಲೆ ಚಿತ್ರ, ನಾಲ್ಕು ಮೂಲೆಯಿಂದ ನಗಾರಿ, ಕೊನೆಗೆ ಭಾರತದ ನಕ್ಷೆಯೊಂದು ಬಲ್ಬುಗಳಲ್ಲಿ ಝಗ್ಗನೆ ಹೊತ್ತಿಕೊಂಡಿತು. ಯಾರೂ ಹೇಳದೆಯೇ ನಾವೆಲ್ಲ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬಂದಿದ್ದೆವು. ಈಗ ಕೈಯೂ ತಾನಾಗಿ ಮುಗಿಯಿತು. ಮೈ ಜುಮ್ಮೆಂದಿತು. ಆ ಗಳಿಗೆಯಲ್ಲಿ ಯಾರಿಗೆ ಹೊಡಿ ಎಂದಿದ್ದರೂ ಹೊಡೆದುಬಿಡುತ್ತಿದ್ದೆನೇನೋ. ಪುಣ್ಯಕ್ಕೆ ಕೈಯಲ್ಲಿದ್ದದ್ದು ಛತ್ರಿ ಮಾತ್ರ.

ಆಗ ಕರೆಂಟು ಹೋಯಿತು. ನಗಾರಿ ನಿಂತಿತು, ದೇಶ ಆರಿತು. ಸುಮಾಳ ಕೆಲಸವೂ ಹೋಯಿತೆಂದುಕೊಂಡೆ. ಅವಳು ಹೋಗಿ ಕರಿಬಟ್ಟೆ ಸರಿಸಿ ಕಿಟಕಿ ತೆರೆದಳು. ಬೆಳಕಿನಲ್ಲಿ ನೋಡಿದರೆ ನಕ್ಷೆ ಬರೀ ಹಲಗೆ, ವೈರು.

"ಅಲ್ಲ ಕಣವ್ವ, ಇದ್ರಾಗೆ ನಮ್ ಆಲೂರ್ ಎಲ್ಲೈತೆ?" ಎಂದಳು ಒಬ್ಬಾಕೆ.

"ನಮ್ಗೆ ಬಲ್ಬ್ ಹಾಕಿಲ್ಲ ಕಣಕ್ಕ. ಇಲ್ಲೈತೆ" ಎಂದು ಸುಮಾ ಬೆರಳಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಸ್ವಾತಂತ್ರ್ಯ ಬಂದ್ ದಿನ ನೀನೇನ್ ಮಾಡ್ತಿದ್ದೆ?"

"ದೋಣಿಗಲ್ ತಾವ ಬಿಳಿ ದೊರೆ ಎಸ್ಟೇಟಲ್ಲಿ ಕಳೆ ಕೀಳ್ತಿದ್ದೆ. ಲೆಕ್ಕ ಬರ್ಯೋ ರೈಟರ್ ಬಂದು ಒಂದ್ ಚೂರು ಬೆಲ್ಲ ಕೊಟ್ಟು, ಸ್ವಾತಂತ್ರ್ಯ ಬಂತು, ಬಿರ್ರನೆ ಕೆಲ್ಸ ಮುಗಿಸ್ರಿ ಅಂದ."

ಎಲ್ಲರೂ ನಕ್ಕರು. ಕಾಫಿ ವ್ಯಾಪಾರದ ಸಾಹೇಬರೊಬ್ಬರು, "ನಮ್ಮಪ್ಪ ಅವತ್ತು ಎತ್ತಿನ ಕೊಂಬಿಗೆ ಬಾವುಟ ಕಟ್ಬುಟ್ಟಿದ್ರಂತೆ. ಎತ್ತು ಬೆದರಿ ಗಾಡಿ ಗದ್ದೆಗೆ ಹೋಯ್ತು ಕಣ್ರೀ" ಎಂದರು. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ನನಗೆ ತೋಚಿದ್ದು ಇಷ್ಟು. ನಗಾರಿ ಬಾರಿಸುವಾಗ ದೇಶ ಬಹಳ ದೊಡ್ಡದಾಗಿತ್ತು, ನನಗೆ ಮಾತಿರಲಿಲ್ಲ. ಕಿಟಕಿ ತೆರೆದ ಮೇಲೆ ಅದರೊಳಗೆ ನಾನೂ ಇದ್ದೆ. ಎರಡೂ ಇರಲಿ ಅನ್ನಿ. ಮೈ ಜುಮ್ಮೆನ್ನದಿದ್ದರೆ ಬಸ್ಸು ಹತ್ತಿ ನೋಡಲು ಯಾರು ಹೋಗುತ್ತಾರೆ?

ಪ್ರದರ್ಶನದ ಮೇಲಿನವರು ಸುಮಾಗೆ ಹೇಳಿದ್ದೂ ಅದನ್ನೇ: "ಇನ್ಮೇಲೆ ಚಿತ್ರ ಮುಗಿದ ಮೇಲೆ ಕಿಟಕಿ ತೆಗೆದು ಮಾತಾಡಿಸಿ. ಸೋಮವಾರದಿಂದ ಬನ್ನಿ."

ಸಂಜೆ ಕಡುಬು, ಕೋಳಿಸಾರು ಮಾಡಿ ಮನೆಮಂದಿಯೆಲ್ಲ ಒಟ್ಟಿಗೆ ಕೂತೆವು. ರಾಜಣ್ಣ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ. ಎರಡನೇ ಕಡುಬು ಮುರಿಯುತ್ತ, "ಮೊದ್ಲು ಯಾವೂರಿಗಂತೆ?" ಎಂದ.

"ಸಕಲೇಶಪುರಕ್ಕೆ ಕಣಪ್ಪ."

"ಅಲ್ಲಿ ಸಂಜೆ ಚಳಿ. ಸ್ವೆಟರ್ ಇಟ್ಕೊ" ಎಂದು ತನ್ನ ತಟ್ಟೆಯ ಕೋಳಿ ತುಂಡೊಂದನ್ನು ಎತ್ತಿ ಅವಳ ತಟ್ಟೆಗೆ ಹಾಕಿದ.