ನಲ್ಲಿ ಮೇಷ್ಟ್ರು
‘ನೀರು ಕುಡಿಯಲು ಯೋಗ್ಯವಾಗಿದೆ’ ಎಂದು ನೀರು ಸರಬರಾಜು ಕಚೇರಿಯ ಬೋರ್ಡಿನ ಮೇಲೆ ದಿನವೂ ಬರೆಯುವುದು ನನ್ನ ಕೆಲಸ. ಬರೆದು ದಣಿದ ಮೇಲೆ ಅಂಗಡಿಯ ಬಾಟಲಿ ನೀರು ಕುಡಿಯುವ ಶೂರನೂ ನಾನೇ. ಅದನ್ನು ಬರೆಸುವವರು ನೀರು ಪರೀಕ್ಷೆ ಮಾಡುವ ಹಿರಿಯರು, ಊರಿಗೆಲ್ಲ ‘ನಲ್ಲಿ ಮೇಷ್ಟ್ರು’. ಬೆಳಗಾಗುತ್ತಲೇ ಸೈಕಲ್ಲೇರಿ ಮನೆಮನೆಗೆ ಹೋಗಿ, ಗಾಜಿನ ಕೊಳವೆಗೆ ನಲ್ಲಿ ನೀರು ಹಿಡಿದು, ಎರಡು ಹನಿ ದ್ರಾವಣ ಬಿಟ್ಟು, ಸೊಸೆಯ ಅಡುಗೆ ನೋಡುವ ಅತ್ತೆಯ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ತಿಳಿ ಹಳದಿ ಬಂದರೆ ಕ್ಲೋರಿನ್ ತಲುಪಿದೆ, ನೀರು ಕ್ಷೇಮ. ಬಾರದಿದ್ದರೆ ಟ್ಯಾಂಕಿಗೆ ಕ್ಲೋರಿನ್ ಹಾಕುವವನ ಕಥೆ ಮುಗಿಯಿತು. ‘ಏನು ಔಷಧಿ ವಾಸನೆ ಕಣ್ರೀ!’ ಎಂದು ಗೊಣಗುವ ಗೃಹಿಣಿಗೆ, ‘ವಾಸನೆ ಬಂದ್ರೆ ನನ್ನ ಬೈಯಿ ತಾಯಿ, ಬರದಿದ್ರೆ ನನ್ನ ಕರಿ’ ಎನ್ನುತ್ತಾರೆ. ಮದುವೆಗೆ ಹೋದರೂ ಮೊದಲು ಕೈ ತೊಳೆಯುವ ನಲ್ಲಿಯನ್ನು ವಿಚಾರಿಸಿಕೊಂಡೇ ವಧೂವರರ ಕಡೆ ತಿರುಗುತ್ತಾರೆ. ಇಂಥವರಿಗೆ ಟ್ಯಾಂಕಿನ ಪಕ್ಕದಲ್ಲೇ ಕಚೇರಿಯ ಮನೆ ಸಿಕ್ಕಿತ್ತು. ಬೇಡವೆಂದು, ಪೈಪು ಮುಗಿಯುವ ಬೀದಿಯ ಕಟ್ಟಕಡೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಒಂದು ಬೆಳಿಗ್ಗೆ ಅಲ್ಲಿಗೆ ಹೋದವನು, ‘ಇದೇನು ಮೇಷ್ಟ್ರೇ ಹುಚ್ಚು?’ ಎಂದೆ. ‘ಟ್ಯಾಂಕಿನ ಪಕ್ಕ ನೀರು ಯಾವತ್ತೂ ಚೆನ್ನಾಗೇ ಇರುತ್ತಪ್ಪ. ಕೆಟ್ರೆ ಮೊದಲು ಕೆಡೋದು ಇಲ್ಲಿ. ಬೇರೆಯವರ ಮಗು ಹೊಟ್ಟೆ ಹಿಡ್ಕೊಂಡು ಅತ್ತ ಮೇಲೆ ನನಗೆ ಗೊತ್ತಾಗೋದು ಬೇಡ’ ಎಂದರು. ಒಳಗೆ ಅವರ ಮೊಮ್ಮಗಳು ಬಾಯಾರಿ ಕಾಯುತ್ತಿದ್ದಳು. ಅವಳ ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದ ಅಜ್ಜಿ, ‘ಬಣ್ಣ ಬಂತೇನ್ರೀ?’ ಎಂದು ಕೂಗಿದರು. ಮೇಷ್ಟ್ರು ಕೊಳವೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ ಮೇಲೆಯೇ ಆ ಅಂಗೈ ಸರಿಯಿತು. ಮೊಮ್ಮಗಳು ಗಟಗಟ ಕುಡಿದು, ‘ಇನ್ನೊಂದು ಲೋಟ, ಅಜ್ಜಿ’ ಎಂದಳು.